ಕೆಂಪು ದೀಪದಡಿ ಮುಖ ಕಾಣಬೇಕಾದರೆ

ಪ್ರಶ್ನೆ: ಮುಂಬೈಯ ಲೋವರ್ ಪರೇಲಿನ ಕ್ಲಬ್ಬಿನಲ್ಲಿ ಗೆಳೆಯರ ರಾಕ್ ಬ್ಯಾಂಡಿನ ಫೋಟೊ ತೆಗೆದೆ. ಲೆನ್ಸ್ 50 ಎಂಎಂ ಎಫ್/1.8. ಮುಖಗಳು ಕೆಂಪು ಮುದ್ದೆಯಾಗಿವೆ, ಕೆಲವು ಚಿತ್ರಗಳಲ್ಲಿ ಅಡ್ಡ ಪಟ್ಟೆಗಳಿವೆ. ಫ್ಲಾಶ್ ಹಾಕಲೇ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಫ್ಲಾಶ್ ಬೇಡವೇ ಬೇಡ. ವಾದಕರ ಕಣ್ಣು ಕುಕ್ಕುತ್ತದೆ, ವೇದಿಕೆಯ ಬೆಳಕಿನ ಸೊಗಸೂ ಹೋಗುತ್ತದೆ. ನಿಮ್ಮ ಲೆನ್ಸೇ ಸಾಕು, ಎಫ್/1.8 ಎಂದರೆ ಬೆಳಕಿನ ಕಿಂಡಿ ಅಗಲವಾಗಿಯೇ ತೆರೆಯುತ್ತದೆ.

ಪಟ್ಟೆಗೆ ಕಾರಣ ಎಲ್‌ಇಡಿ ದೀಪಗಳ ಮಿನುಗು. ಎಲೆಕ್ಟ್ರಾನಿಕ್ ಶಟರ್ ಸೆನ್ಸರನ್ನು (ಬೆಳಕು ಹಿಡಿಯುವ ಫಲಕ) ಸಾಲು ಸಾಲಾಗಿ ಓದುವಾಗ ದೀಪ ಆರಿದ ಕ್ಷಣಕ್ಕೆ ಸಿಕ್ಕ ಸಾಲುಗಳು ಕಪ್ಪಾಗುತ್ತವೆ. ಪರದೆ ಸರಿಸುವ ಮೆಕ್ಯಾನಿಕಲ್ ಶಟರ್‌ಗೆ ಬನ್ನಿ. ಆಗಲೂ ಪಟ್ಟೆ ಬಂದರೆ ಶಟರ್ ವೇಗವನ್ನು 1/100 ಸೆಕೆಂಡಿಗೆ ಇಳಿಸಿ. ಡ್ರಮ್ ಕೋಲು ಸ್ವಲ್ಪ ಕದಡಿದರೆ ಅದೂ ಚೆಂದವೇ. ಪಟ್ಟೆ ಬರದಿದ್ದರೆ 1/200, ಎಫ್/2, ಐಎಸ್‌ಒ 3200ರಿಂದ (ಬೆಳಕು ಗ್ರಹಿಸುವ ಮಟ್ಟ; ಏರಿಸಿದಷ್ಟೂ ಚಿತ್ರ ಕಾಳುಕಾಳು) ಶುರುಮಾಡಿ. ಕತ್ತಲೆ ಹೆಚ್ಚಿದ್ದರೆ 6400. ಕಾಳುಕಾಳಾದ ಚಿತ್ರವನ್ನು ಸಹಿಸಬಹುದು, ಅಲುಗಿದ ಮುಖವನ್ನಲ್ಲ.

ಕೆಂಪು ಮುದ್ದೆಯದು ಬೇರೆ ಕತೆ. ಬರೀ ಕೆಂಪು ದೀಪ ಬಿದ್ದಾಗ ಕೆಂಪು ಚಾನೆಲ್ (ಚಿತ್ರದ ಕೆಂಪು ಬಣ್ಣದ ಪಾಲು) ಉಕ್ಕಿ ಹರಿಯುತ್ತದೆ, ಹಸಿರು, ನೀಲಿ ಹೆಚ್ಚುಕಡಿಮೆ ಖಾಲಿ. ಹೀಗಾಗಿ ಕೆನ್ನೆ, ಮೂಗಿನ ಏರುತಗ್ಗು ಅಳಿಸಿಹೋಗುತ್ತದೆ. ಒಂದು ಸ್ಟಾಪ್ ಕಡಿಮೆ, ಅಂದರೆ ಅರ್ಧದಷ್ಟೇ ಬೆಳಕಿಗೆ, ಎಕ್ಸ್‌ಪೋಸ್ ಮಾಡಿ, ರಾ ಫೈಲಿನಲ್ಲೇ (ಕ್ಯಾಮೆರಾ ಸಂಸ್ಕರಿಸದ ಮೂಲ ದತ್ತಾಂಶ) ಉಳಿಸಿ. ಹಿಸ್ಟೋಗ್ರಾಮಿನಲ್ಲಿ (ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಕೆಂಪು ಗೆರೆಯನ್ನು ಬೇರೆಯಾಗಿ ನೋಡಿ. ಅಷ್ಟಾದರೂ ಸರಿಹೋಗದಿದ್ದರೆ ಕಪ್ಪುಬಿಳುಪು ಮಾಡಿಬಿಡಿ. ಹಾಡುಗಾರನ ಎದುರಿಗೇ ನಿಂತರೆ ಮೈಕು ಬಾಯಿ ಮುಚ್ಚುತ್ತದೆ, ಫೋಕಸ್ಸೂ ಅದರ ಜಾಲರಿಗೇ ಹೋಗುತ್ತದೆ. ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಒಂದೇ ಫೋಕಸ್ ಬಿಂದುವನ್ನು ಕಣ್ಣಿನ ಮೇಲಿಡಿ. ಸ್ಪೀಕರ್ ಪಕ್ಕ ನಿಲ್ಲುವುದಾದರೆ ಕಿವಿಗೆ ಇಯರ್‌ಪ್ಲಗ್ ಇರಲಿ.