ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ ತೈಲ ಟ್ಯಾಂಕರ್‌ಗಳ ಮೇಲೆ ವಿಮಾನ ಇಳಿಸಿದ್ದು ಹೇಗೆ?

ಎಣ್ಣೆಯನ್ನು ಪೈಪಿನಲ್ಲಿ ಪಂಪ್ ಮಾಡಿದರೆ ಸಾಕು, ಕ್ರೇನ್ ಬೇಡ. ಹಾಗಾಗಿಯೇ ಇದು ಸಾಧ್ಯವಾಯಿತು. ಸಾಮಾನ್ಯ ಸರಕು ಹಡಗಿನ ಡೆಕ್ಕಿನಲ್ಲಿ ಸಾಮಾನು ಇಳಿಸಲು ದೊಡ್ಡ ಬಾಯಿಗಳಿರುತ್ತವೆ. ಅವುಗಳ ಮೇಲೆ ರನ್‌ವೇ ಹಾಸಿದರೆ ಸರಕು ತುಂಬುವುದೇ ಕಷ್ಟ. ಟ್ಯಾಂಕರಿಗೆ ಆ ತೊಂದರೆಯಿಲ್ಲ.

ಯುದ್ಧಕಾಲದಲ್ಲಿ ಕಟ್ಟಿದ 'ಎಂಪೈರ್ ಮ್ಯಾಕೇ'ಯಂಥ ಟ್ಯಾಂಕರ್‌ಗಳು 1943ರಿಂದ ಸುಮಾರು 460 ಅಡಿ ಉದ್ದದ ರನ್‌ವೇ ಹೊತ್ತೇ ಎಣ್ಣೆ ಸಾಗಿಸಿದವು. ಒಂದೊಂದು ಟ್ಯಾಂಕರಿನಲ್ಲಿ ಇದ್ದದ್ದು ಮೂರೇ 'ಸೋರ್ಡ್‌ಫಿಶ್' ವಿಮಾನ. ಅವುಗಳನ್ನು ಒಳಗಿಡಲು ಜಾಗವಿರಲಿಲ್ಲ. ಅಟ್ಲಾಂಟಿಕ್‌ನ ಬಿರುಗಾಳಿಯಲ್ಲೂ ಡೆಕ್ಕಿನ ಮೇಲೇ ಹಗ್ಗ ಬಿಗಿದು ನಿಲ್ಲಿಸುತ್ತಿದ್ದರು. ಆ ಸಿಬ್ಬಂದಿಯ ಧೈರ್ಯ ದೊಡ್ಡದು. ಈ ವಿಮಾನಗಳ ಕೆಲಸ, ಒಟ್ಟಿಗೆ ಸಾಗುವ ಹಡಗುಗಳ ಗುಂಪನ್ನು ಜರ್ಮನ್ ಸಬ್‌ಮರೀನ್‌ಗಳಿಂದ ಕಾಯುವುದು. ಆಗಿನ ಸಬ್‌ಮರೀನ್‌ಗಳಿಗೆ ನೀರಿನ ಮೇಲಷ್ಟೇ ವೇಗ. ವಿಮಾನ ಕಂಡೊಡನೆ ಮುಳುಗಬೇಕಾಗಿ, ಹಡಗುಗಳ ಗುಂಪಿನಿಂದ ಹಿಂದೆ ಬೀಳುತ್ತಿದ್ದವು.