ಅಲ್ಜೀರ್ಸ್‌ನಲ್ಲಿ ಕುಳಿತು ಪ್ಯಾರಿಸ್ಸಿಗೆ ಹಂಬಲಿಸಿದವನು

ಶಿವಮೊಗ್ಗದ ಓದುಗರೇ,

ನಿಮ್ಮ ಪತ್ರದಲ್ಲಿ ಕೋಪವಿದೆ. ಕಳೆದ ಸಂಚಿಕೆಯಲ್ಲಿ 1937ರ ಫ್ರೆಂಚ್ ಚಿತ್ರ ‘ಪೆಪೆ ಲ ಮೊಕೊ’ವನ್ನು ಎರಡು ಪುಟ ಹೊಗಳಿ, ಮರುವರ್ಷವೇ ಹಾಲಿವುಡ್ ಮಾಡಿದ ‘ಅಲ್ಜೀರ್ಸ್’ ಅನ್ನು ಒಂದೇ ಸಾಲಿನಲ್ಲಿ ಮುಗಿಸಿದೆವೆಂದು ಬೇಸರಪಟ್ಟಿದ್ದೀರಿ. ಕಥೆಯೂ ಒಂದೇ, ದೃಶ್ಯಗಳೂ ಒಂದೇ, ಮೇಲಾಗಿ ಎರಡನೆಯದರಲ್ಲಿ ನಟಿ ಹೆಡಿ ಲಮಾರ್ ಇದ್ದಾರೆ, ಹಾಗಿರುವಾಗ ಈ ಪಕ್ಷಪಾತ ಏಕೆ ಎಂಬುದು ನಿಮ್ಮ ಪ್ರಶ್ನೆ.

ದೃಶ್ಯಗಳು ಒಂದೇ ಎಂಬ ಮಾತು ನೀವು ಅಂದುಕೊಂಡಿರುವುದಕ್ಕಿಂತಲೂ ನಿಜ. ನಿರ್ಮಾಪಕ ವಾಲ್ಟರ್ ವೇಂಜರ್ ಹಕ್ಕು ಕೊಂಡದ್ದಷ್ಟೇ ಅಲ್ಲ, ಮೂಲದ ಸಂಗೀತವನ್ನೂ ಹೊರಾಂಗಣದ ಕೆಲವು ತುಣುಕುಗಳನ್ನೂ ಎತ್ತಿಕೊಂಡರು. ಸಾಲದೆಂಬಂತೆ ಮೂಲ ಚಿತ್ರ ಅಮೆರಿಕದ ಚಿತ್ರಮಂದಿರಗಳಿಗೆ ಬರದಂತೆಯೂ ನೋಡಿಕೊಂಡರು. ಅದು ಅಲ್ಲಿ ತೆರೆ ಕಂಡದ್ದು 1941ರಲ್ಲಿ. ಅಚ್ಚು ತೆಗೆದ ಮೇಲೆ ಮೂರ್ತಿಯನ್ನೇ ಬಚ್ಚಿಟ್ಟಂತೆ.

ಆದರೆ ಕೊನೆಯ ದೃಶ್ಯವನ್ನು ಮತ್ತೊಮ್ಮೆ ನೋಡಿ. ಪ್ಯಾರಿಸ್ಸಿನ ದರೋಡೆಕೋರ ಪೆಪೆ, ಅಲ್ಜೀರ್ಸ್ ನಗರದ ಹಳೆಯ ಭಾಗವಾದ ಕಸ್ಬಾದ ಓಣಿಗಳಲ್ಲಿ ಎರಡು ವರ್ಷದಿಂದ ಅಡಗಿದ್ದಾನೆ. ಪೊಲೀಸರು ಮೇಲೆ ಬಂದರೆ ಮಾಳಿಗೆಯಿಂದ ಮಾಳಿಗೆಗೆ ದಾಟಿ ಮಾಯವಾಗುತ್ತಾನೆ; ತಾನೇ ಬಂದರಿಗೆ ಇಳಿದರೆ ಮಾತ್ರ ಸಿಕ್ಕಿಬೀಳುತ್ತಾನೆ. ಪ್ಯಾರಿಸ್ಸಿನಿಂದ ಬಂದ ಗಾಬಿ ಎಂಬ ಹೆಣ್ಣಿಗಾಗಿ ಇಳಿಯುತ್ತಾನೆ. ಜೂಲಿಯನ್ ದುವಿವಿಯೇ ನಿರ್ದೇಶಿಸಿದ ಮೂಲದಲ್ಲಿ ಕೈಕೋಳ ತೊಟ್ಟ ಪೆಪೆ ಬಂದರಿನ ಕಬ್ಬಿಣದ ಗೇಟಿನಾಚೆಯಿಂದ ಅವಳ ಹೆಸರು ಕೂಗುತ್ತಾನೆ. ಅದೇ ಕ್ಷಣಕ್ಕೆ ಹಡಗಿನ ಕಹಳೆ ಮೊಳಗುತ್ತದೆ, ಅವಳು ಕಿವಿ ಮುಚ್ಚಿಕೊಳ್ಳುತ್ತಾಳೆ. ಅವನು ಚಾಕುವಿನಿಂದ ತನ್ನ ಪ್ರಾಣ ತಾನೇ ತೆಗೆದುಕೊಳ್ಳುತ್ತಾನೆ. ಹಾಲಿವುಡ್ಡಿನ ಅಂದಿನ ನೀತಿಸಂಹಿತೆಗೆ ನಾಯಕನ ಆತ್ಮಹತ್ಯೆ ಒಗ್ಗಲಿಲ್ಲ. ಆದ್ದರಿಂದ ‘ಅಲ್ಜೀರ್ಸ್’ನಲ್ಲಿ ಪೆಪೆಯಾದ ಷಾರ್ಲ್ ಬೊಯೆ ಹಡಗಿನತ್ತ ಓಡುತ್ತಾನೆ, ಪೊಲೀಸರು ಗುಂಡು ಹಾರಿಸುತ್ತಾರೆ. ಎರಡರಲ್ಲೂ ಸಾವೇ; ಆದರೆ ಒಂದರಲ್ಲಿ ಆ ತೀರ್ಮಾನ ಅವನದು, ಇನ್ನೊಂದರಲ್ಲಿ ಸರ್ಕಾರದ್ದು. ಕಸ್ಬಾ ಆಶ್ರಯವಲ್ಲ, ಸೆರೆಮನೆ ಎಂದು ಚಿತ್ರದುದ್ದಕ್ಕೂ ಹೇಳಿಕೊಂಡು ಬಂದದ್ದಕ್ಕೆ ಮೊದಲನೆಯ ಅಂತ್ಯವೇ ತಕ್ಕದ್ದು.

ಅಷ್ಟಕ್ಕೂ ಪೆಪೆ ಪ್ರೀತಿಸುವುದು ಗಾಬಿಯನ್ನೇ? ನನಗೆ ಅನುಮಾನ. ಮೂಲದಲ್ಲಿ ಗಾಬಿಯಾದ ಮಿರೇಯ್ ಬಾಲಾಂ ಮೈಮೇಲಿನ ಒಡವೆಗಳ ಮೇಲೆ ಮೊದಲು ಅವನ ಕಣ್ಣು. ಆಮೇಲೆ ಇಬ್ಬರೂ ಕುಳಿತು ಪ್ಯಾರಿಸ್ಸಿನ ಬೀದಿಗಳ ಹೆಸರು ಹೇಳಿಕೊಳ್ಳುತ್ತಾರೆ, ಅವಳಲ್ಲಿ ಅವನಿಗೆ ಮೆಟ್ರೊ ರೈಲೇ ಕಾಣುತ್ತದೆ. ಪೆಪೆಯಾದ ಜಾಂ ಗಾಬಾಂ ಆ ಮಾತನ್ನು ಶೃಂಗಾರವೆಂಬಂತೆ ಆಡುತ್ತಾರೆ. ಇನ್ನೊಂದೆಡೆ ಮುದಿಯಾಗುತ್ತಿರುವ ಗಾಯಕಿಯ ಪಾತ್ರದಲ್ಲಿ ಫ್ರೆಹೆಲ್, ಗ್ರಾಮಫೋನಿನಲ್ಲಿ ತನ್ನದೇ ಹಳೆಯ ಹಾಡು ಹಾಕಿ, ಗೋಡೆಯ ಮೇಲಿನ ತನ್ನ ಯೌವನದ ಚಿತ್ರ ನೋಡುತ್ತ ದನಿಗೂಡಿಸುತ್ತಾರೆ. ಒಂದು ಕಾಲಕ್ಕೆ ಪ್ಯಾರಿಸ್ಸಿನಲ್ಲಿ ಮೆರೆದ ಗಾಯಕಿ ಆಕೆ, ಆ ದೃಶ್ಯದಲ್ಲಿ ನಟನೆ ಎಷ್ಟು, ಬದುಕು ಎಷ್ಟು ಎಂದು ಬಿಡಿಸುವುದು ಕಷ್ಟ.

‘ಅಲ್ಜೀರ್ಸ್’ನಲ್ಲಿ ಗಾಬಿಯಾದ ಲಮಾರ್ ಅವರಿಗೆ ಅದು ಮೊದಲ ಹಾಲಿವುಡ್ ಚಿತ್ರ. ಅವರ ಚೆಲುವಿನ ಬಗ್ಗೆ ನಿಮ್ಮೊಡನೆ ವಾದವಿಲ್ಲ. ಆದರೆ ಅವರನ್ನು ಕಂಡರೆ ಯಾರಿಗೂ ಮೆಟ್ರೊ ನೆನಪಾಗದು.

ಎರಡಕ್ಕೂ ಸಮಾನವಾದ ದೋಷವೊಂದಿದೆ, ಅದನ್ನು ನೀವೂ ಎತ್ತಲಿಲ್ಲ, ನಮ್ಮ ಲೇಖಕರೂ ಎತ್ತಲಿಲ್ಲ. ಅಲ್ಜೀರ್ಸ್ ಊರಿನ ಚಿತ್ರದಲ್ಲಿ ಆ ಊರಿನವರು ಬರಿಯ ಹಿನ್ನೆಲೆ. ತಾಳ್ಮೆಯಿಂದ ಬಲೆ ಹೆಣೆಯುವ ಇನ್‌ಸ್ಪೆಕ್ಟರ್ ಸ್ಲಿಮಾನ್ ಸ್ಥಳೀಯ, ಕಥೆಯಲ್ಲೇ ಅತಿ ಬುದ್ಧಿವಂತ. ಆ ಪಾತ್ರ ಮೂಲದಲ್ಲಿ ರೊಮೇನಿಯಾದಲ್ಲಿ ಹುಟ್ಟಿದ ಲೂಕಾ ಗ್ರಿಡೂ ಅವರಿಗೆ, ‘ಅಲ್ಜೀರ್ಸ್’ನಲ್ಲಿ ಮಾಲ್ಟಾದ ಜೋಸೆಫ್ ಕಲೇಯಾ ಅವರಿಗೆ ಹೋಯಿತು. ಕಸ್ಬಾದ ಜನ ತಮ್ಮ ಓಣಿಗಳಲ್ಲಿ ತಾವೇ ಮುಖ್ಯರಾಗಿ ಓಡಾಡುವುದನ್ನು ನೋಡಬೇಕಿದ್ದರೆ, ಫ್ರೆಂಚ್ ಆಳ್ವಿಕೆಯ ವಿರುದ್ಧದ ಹೋರಾಟವನ್ನು ಕುರಿತ 1966ರ ‘ದಿ ಬ್ಯಾಟಲ್ ಆಫ್ ಅಲ್ಜೀರ್ಸ್’ ಹಾಕಿಕೊಳ್ಳಿ. ಅದೇ ಮಾಳಿಗೆಗಳು, ಅದೇ ಮೆಟ್ಟಿಲುಗಳು. ಅಡಗಿರುವವರು ಮಾತ್ರ ಬೇರೆ, ಅಡಗಿರುವ ಕಾರಣವೂ ಬೇರೆ.

1948ರಲ್ಲಿ ಇದೇ ಕಥೆಯನ್ನು ‘ಕಸ್ಬಾ’ ಎಂಬ ಹಾಡುಗಳ ಚಿತ್ರವಾಗಿಯೂ ಮಾಡಿದರು. ಅದರಲ್ಲಿ ಸ್ಲಿಮಾನ್ ಆಗಿ ಪೀಟರ್ ಲೊರೆ ಇದ್ದಾರೆ. ಅವರೊಬ್ಬರಿಗಾಗಿ ನೋಡಬಹುದು.

— ಸಂಪಾದಕ