22 ವರ್ಷ ನಿಂತಿರುವ ಬೀಟಲ್ ಕಾರಿನ ಎಂಜಿನ್ ಜಾಮ್ ಆಗಿದೆ, ಎಳೆಸಿ ಬಿಡಿಸಬಹುದೇ ಅಥವಾ ಬಿಚ್ಚಲೇಬೇಕೇ?

ಮಲ್ಲೇಶ್ವರದ ಮನೆಯ ಶೆಡ್ಡಿನಲ್ಲಿ 22 ವರ್ಷದಿಂದ ನಿಂತಿರುವ ನಿಮ್ಮ ತಂದೆಯವರ 1966ರ ಫೋಕ್ಸ್‌ವ್ಯಾಗನ್ ಬೀಟಲ್ 1300ರ ಎಂಜಿನ್ ಕೈಗೆ ತಿರುಗುತ್ತಿಲ್ಲವೆಂದೂ, ಗೇರಿಗೆ ಹಾಕಿ ಇನ್ನೊಂದು ಗಾಡಿಯಿಂದ ಎಳೆದರೆ ಬಿಟ್ಟುಕೊಳ್ಳುತ್ತದೆಂದು ಪರಿಚಯದ ಮೆಕ್ಯಾನಿಕ್ ಹೇಳುತ್ತಿದ್ದಾರೆಂದೂ ಬರೆದಿದ್ದೀರಿ. ದಯವಿಟ್ಟು ಎಳೆಸಬೇಡಿ. ಬಸವನಗುಡಿಯಲ್ಲಿ ನಮ್ಮ ಸೋದರಮಾವನವರ ಇಂಥದೇ ಕಾರಿನ ಎಂಜಿನ್ನನ್ನು ನಾನು ಪೂರ್ತಿ ಬಿಚ್ಚಿ ಮತ್ತೆ ಜೋಡಿಸಿದ್ದೇನೆ. ಆ ಅನುಭವದಿಂದ ಈ ಮಾತು ಹೇಳುತ್ತಿದ್ದೇನೆ.

ಓಡಿ ಸವೆದ ಎಂಜಿನ್ ಬೇರೆ, ನಿಂತು ತುಕ್ಕು ಹಿಡಿದ ಎಂಜಿನ್ ಬೇರೆ. ಎಂಜಿನ್ ನಿಂತ ಗಳಿಗೆಯಲ್ಲಿ ಒಂದೆರಡು ಸಿಲಿಂಡರಿನ ವಾಲ್ವ್ ತೆರೆದೇ ಉಳಿದಿರುತ್ತದೆ. ಸೈಲೆನ್ಸರಿನ ದಾರಿಯಿಂದಲೋ ಕಾರ್ಬ್ಯುರೇಟರಿನ ದಾರಿಯಿಂದಲೋ ಪ್ರತಿ ಮಳೆಗಾಲದ ತೇವ ಅಲ್ಲಿಗೆ ಇಳಿದು, ಎರಕದ ಕಬ್ಬಿಣದ ಗೋಡೆಗೆ ಪಿಸ್ಟನ್ ಸುತ್ತಲಿನ ರಿಂಗುಗಳನ್ನು ಬೆಸುಗೆ ಹಾಕಿದಂತೆ ಹಿಡಿಸಿಬಿಡುತ್ತದೆ. ಉಳಿದ ಸಿಲಿಂಡರುಗಳು ಹೆಚ್ಚಾಗಿ ಚೆನ್ನಾಗಿಯೇ ಇರುತ್ತವೆ. ಎಳೆಸಿದರೆ ಕಾರಿನ ತೂಕವೆಲ್ಲ ಆ ಒಂದು ಪಿಸ್ಟನ್ನಿನ ಮೇಲೆ ಬಿದ್ದು ರಿಂಗ್ ಮುರಿಯಬಹುದು, ಕನೆಕ್ಟಿಂಗ್ ರಾಡ್ ಬಾಗಬಹುದು. ಒಂದು ಸಿಲಿಂಡರ್ ಬದಲಿಸಿ ಮುಗಿಸಬಹುದಾದ ಕೆಲಸ ಪಿಸ್ಟನ್ನುಗಳು ತಿರುಗಿಸುವ ಮುಖ್ಯ ದಂಡವಾದ ಕ್ರ್ಯಾಂಕಿನವರೆಗೆ ಹೋಗುತ್ತದೆ.

ಸ್ಪಾರ್ಕ್ ಪ್ಲಗ್ ತೆಗೆದು ಎಣ್ಣೆ ಬಿಟ್ಟು ವಾರಗಟ್ಟಲೆ ಕಾಯುವ ಪದ್ಧತಿ ಸರಿಯೇ. ಆದರೆ ಈ ಎಂಜಿನ್ನಿನಲ್ಲಿ ಸಿಲಿಂಡರುಗಳು ಅಡ್ಡಡ್ಡಲಾಗಿ ಮಲಗಿರುವುದರಿಂದ ಎಣ್ಣೆ ಕೆಳಗಿನ ಅರ್ಧದಲ್ಲಷ್ಟೇ ನಿಲ್ಲುತ್ತದೆ, ಮೇಲಿನ ಅರ್ಧದ ತುಕ್ಕಿಗೆ ತಾಗುವುದೇ ಇಲ್ಲ. ಗೇರ್‌ಬಾಕ್ಸಿಗೆ ಇದನ್ನು ಹಿಡಿದಿರುವುದು ನಾಲ್ಕೇ ಕಡೆಯ ಬೋಲ್ಟು-ನಟ್ಟುಗಳು. ಕಾರಿನ ಹಿಂಭಾಗವನ್ನು ಎತ್ತರಿಸಿ, ಟ್ರಾಲಿ ಜಾಕ್ ಮೇಲೆ ಎಂಜಿನ್ ಇಳಿಸಿಕೊಂಡು, ಒಂದು ಜೋಡಿ ಸಿಲಿಂಡರು ಮೇಲ್ಮುಖವಾಗುವಂತೆ ಭದ್ರವಾಗಿ ನಿಲ್ಲಿಸಿ ಎಣ್ಣೆ ಬಿಡಿ. 100 ಕಿಲೋಗಿಂತ ಹೆಚ್ಚು ತೂಗುವುದರಿಂದ ಒಬ್ಬರೇ ಈ ಕೆಲಸಕ್ಕೆ ಇಳಿಯಬೇಡಿ.

ಆಗಲೂ ಬಿಡದಿದ್ದರೆ ಸಿಲಿಂಡರಿನ ಬಾಯಿ ಮುಚ್ಚಿರುವ ಹೆಡ್ ಬಿಚ್ಚಿ ನೋಡಿ. ಇಲ್ಲಿ ನಾಲ್ಕೂ ಸಿಲಿಂಡರು ಬಿಡಿಬಿಡಿಯಾಗಿರುವುದು ದೊಡ್ಡ ಅನುಕೂಲ: ಹಿಡಿಯದೆ ಇರುವವುಗಳನ್ನು ಮೊದಲು ಜಾರಿಸಿ ತೆಗೆದು, ಹಿಡಿದಿರುವ ಪಿಸ್ಟನ್ನಿನ ತಲೆಯ ಮೇಲೆ ಸುಮಾರು ಅದರಷ್ಟೇ ಅಗಲದ ಗಟ್ಟಿ ಮರದ ದಿಮ್ಮಿಯಿಟ್ಟು ಮೆಲ್ಲಗೆ ತಟ್ಟಬಹುದು. ಪಿಸ್ಟನ್ ತನ್ನ ಓಟದ ತುದಿಯಲ್ಲೇ ನಿಂತಿದ್ದರೆ ಮಾತ್ರ ತಟ್ಟಬೇಡಿ, ಆ ಪೆಟ್ಟೆಲ್ಲ ನೇರವಾಗಿ ಬೇರಿಂಗಿಗೆ ಹೋಗುತ್ತದೆ. ಅಂಥ ಸಂದರ್ಭದಲ್ಲಿ ನಾನಾದರೆ ಸಿಲಿಂಡರನ್ನೇ ಒಡೆದು ಕ್ರ್ಯಾಂಕನ್ನು ಉಳಿಸಿಕೊಳ್ಳುತ್ತೇನೆ, ಏಕೆಂದರೆ 77 ಮಿ.ಮೀ. ಪಿಸ್ಟನ್-ಸಿಲಿಂಡರ್ ಸೆಟ್ಟನ್ನು ಹೊಸದಾಗಿ ತರಿಸಿಕೊಳ್ಳಬಹುದು.

ಇನ್ನು ತೊಳೆಯುವ ವಿಷಯ. ಇಲ್ಲಿ ನಾನು ನಷ್ಟ ಅನುಭವಿಸಿದ್ದೇನೆ. ಹೆಡ್‌ಗಳನ್ನು ವಾಲ್ವ್ ಕೆಲಸಕ್ಕೆಂದು ನಗರದ ಒಂದು ವರ್ಕ್‌ಶಾಪಿಗೆ ಕೊಟ್ಟಿದ್ದೆ. ಅವರು ಕಬ್ಬಿಣದ ಬ್ಲಾಕುಗಳನ್ನು ತೊಳೆಯುವ ಬಿಸಿ ಕಾಸ್ಟಿಕ್ ಸೋಡಾ ತೊಟ್ಟಿಗೇ ಅವನ್ನೂ ಹಾಕಿದರು. ಕಾಸ್ಟಿಕ್ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ಮಾರನೆಯ ದಿನ ನೋಡಿದಾಗ ಸಿಲಿಂಡರ್ ಕೂರುವ ನುಣುಪಾದ ಮೈಯೆಲ್ಲ ಕುಳಿಬಿದ್ದು ಕಪ್ಪಾಗಿತ್ತು, ಎರಡೂ ಹೆಡ್ ಹಾಳಾಗಿದ್ದವು. ತಪ್ಪು ನನ್ನದೂ ಹೌದು, ಯಾವುದರಲ್ಲಿ ತೊಳೆಯುತ್ತೀರೆಂದು ನಾನು ಕೇಳಿರಲಿಲ್ಲ. ಈ ಎಂಜಿನ್ನಿನಲ್ಲಿ ಕ್ರ್ಯಾಂಕನ್ನು ಹೊತ್ತಿರುವ ಪೆಟ್ಟಿಗೆಯಾದ ಕ್ರ್ಯಾಂಕ್‌ಕೇಸ್ ಮೆಗ್ನೀಸಿಯಮ್ ಮಿಶ್ರಲೋಹದ್ದು, ಅದಕ್ಕೆ ಆಮ್ಲವೇ ಶತ್ರು. ವಿನೆಗರ್ ಆಗಲಿ ತುಕ್ಕು ತೆಗೆಯುವ ಆಮ್ಲದ್ರಾವಣವಾಗಲಿ ಅದರ ಹತ್ತಿರ ಸುಳಿಯಬಾರದು. ಸೀಮೆಎಣ್ಣೆ ಅಥವಾ ಡೀಸೆಲ್, ನೈಲಾನ್ ಬ್ರಷ್ಷು ಮತ್ತು ತಾಳ್ಮೆ ಸಾಕು. ಮೆಗ್ನೀಸಿಯಮ್ಮಿನ ಪುಡಿಗೆ ಕಿಡಿ ತಾಗಿದರೆ ಉರಿಯುತ್ತದೆ, ಹಾಗಾಗಿ ಕೇಸಿನ ಮೇಲೆ ಗ್ರೈಂಡರ್ ಆಡಿಸಲು ಯಾರಿಗೂ ಬಿಡಬೇಡಿ.

ಒಂದು ರೂಪಾಯಿಯ ಬಿಡಿಭಾಗವನ್ನೂ ಕೊಳ್ಳುವ ಮೊದಲು ಕೇಸನ್ನು ಅಳೆಸಿ. ಅದರ ಎರಡು ಅರ್ಧಗಳನ್ನು ಖಾಲಿಯಾಗಿ ಜೋಡಿಸಿ, ಸರಿಯಾದ ಟಾರ್ಕಿಗೆ ಬಿಗಿದು, ಕ್ರ್ಯಾಂಕಿನ ಬೇರಿಂಗ್ ಕೂರುವ ಜಾಗಗಳು ದುಂಡಗಿವೆಯೋ ಮೊಟ್ಟೆಯಾಕಾರಕ್ಕೆ ತಿರುಗಿವೆಯೋ ಎಂದು ಬೋರ್ ಗೇಜಿನಲ್ಲಿ ನೋಡಬೇಕು. ನಾನು ಇದನ್ನು ಪೀಣ್ಯದ ಒಂದು ಲೇತ್ ಅಂಗಡಿಯಲ್ಲಿ ಮಾಡಿಸಿದೆ. ಮೊಟ್ಟೆಯಾಗಿದ್ದರೆ ಲೈನ್ ಬೋರಿಂಗ್ (ಆ ಜಾಗಗಳನ್ನು ಒಂದೇ ನೇರದಲ್ಲಿ ಕೊರೆದು ದುಂಡಾಗಿಸುವುದು) ಮಾಡಿಸಿ ಹೊರಸುತ್ತು ದೊಡ್ಡದಿರುವ ಬೇರಿಂಗ್ ಹಾಕಬೇಕಾಗುತ್ತದೆ, ಮತ್ತು ಇಡೀ ಖರ್ಚಿನ ಲೆಕ್ಕ ಇದರ ಮೇಲೇ ನಿಂತಿದೆ. ವಾಹನಗಳ ಬಿಡಿಭಾಗದ ಅಂಗಡಿಗಳಿರುವ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬೋಲ್ಟು, ಹೋಸು, ಬೆಲ್ಟು ಸಿಕ್ಕಾವು. ಆದರೆ ಈ ಕಾರಿನ ಬೇರಿಂಗ್, ಪಿಸ್ಟನ್ನುಗಳನ್ನು ನಾನು ಹೊರದೇಶದಿಂದಲೇ ತರಿಸಿಕೊಂಡೆ, ಆದ್ದರಿಂದ ತಪ್ಪು ಅಳತೆಗೆ ಆರ್ಡರ್ ಕೊಟ್ಟರೆ ಹಣದ ಜೊತೆ ತಿಂಗಳುಗಳೂ ಹೋಗುತ್ತವೆ.

ಹೆಡ್ ನೋಡುವಾಗ ಮೂರನೆಯ ಸಿಲಿಂಡರಿನ ಎಕ್ಸಾಸ್ಟ್ ವಾಲ್ವನ್ನು ವಿಶೇಷವಾಗಿ ಗಮನಿಸಿ. ನಿಮ್ಮ ಕಾರಿನ ಕಾಲದ ಎಂಜಿನ್ನುಗಳಲ್ಲಿ ಆಯಿಲ್ ಕೂಲರ್ ಫ್ಯಾನಿನ ಕವಚದೊಳಗೇ ನಿಂತು ಆ ಸಿಲಿಂಡರಿಗೆ ಹೋಗುವ ಗಾಳಿಗೆ ಅಡ್ಡವಾಗುತ್ತದೆ. ಆ ಸಿಲಿಂಡರ್ ಉಳಿದವುಗಳಿಗಿಂತ ಹೆಚ್ಚು ಬಿಸಿಯಾಗುತ್ತದೆ. ಹಳೆಯ ವಾಲ್ವ್ ಕಣ್ಣಿಗೆ ಚೆನ್ನಾಗಿ ಕಂಡರೂ ಹೊಸದನ್ನೇ ಹಾಕಿಸಿ.

ಜೋಡಿಸುವಾಗ ಕೇಸಿನ ಎರಡು ಅರ್ಧಗಳ ನಡುವೆ ಗ್ಯಾಸ್ಕೆಟ್ ಇರುವುದಿಲ್ಲ, ತೆಳುವಾಗಿ ಸವರಿದ ಸೀಲಂಟ್ ಮಾತ್ರ. ಕ್ರ್ಯಾಂಕ್ ಗೇರಿನ ಎರಡು ಚುಕ್ಕೆಗಳ ನಡುವೆ ವಾಲ್ವುಗಳನ್ನು ತೆರೆಸುವ ಕ್ಯಾಮ್ ದಂಡದ ಗೇರಿನ ಗುರುತು ಬರಬೇಕು, ಪ್ರತಿ ಬೇರಿಂಗೂ ತನ್ನ ಪಿನ್ನಿನ ಮೇಲೆ ಕುಳಿತಿರಬೇಕು, ಕ್ಯಾಮಿನ ತುದಿಯ ಮುಚ್ಚಳವನ್ನು ಮರೆಯಬಾರದು. ದೊಡ್ಡ ನಟ್ಟುಗಳನ್ನು ಸ್ವಲ್ಪ ಸ್ವಲ್ಪವಾಗಿ ಬಿಗಿಯುತ್ತ, ಒಂದೊಂದು ಸಲವೂ ಕ್ರ್ಯಾಂಕನ್ನು ಕೈಯಿಂದ ತಿರುಗಿಸಿ ನೋಡಿ; ತಿರುಗು ಗಟ್ಟಿಯಾದ ಕ್ಷಣವೇ ನಿಲ್ಲಿಸಿ ಮತ್ತೆ ಬಿಚ್ಚಿ. ನಾನು ಮೂರು ಸಲ ಬಿಚ್ಚಿದ್ದೇನೆ. ಕ್ರ್ಯಾಂಕಿನ ತುದಿಯ ಭಾರದ ಚಕ್ರವಾದ ಫ್ಲೈವೀಲ್ ಬಿಗಿದ ಮೇಲೆ ಕ್ರ್ಯಾಂಕಿನ ಹಿಂದುಮುಂದಿನ ಅಲುಗಾಟ 0.07ರಿಂದ 0.13 ಮಿ.ಮೀ. ಒಳಗಿರಬೇಕು, ಅದನ್ನು ತೆಳು ಲೋಹಬಿಲ್ಲೆಗಳಾದ ಮೂರು ಶಿಮ್‌ಗಳಿಂದ ಹೊಂದಿಸುತ್ತಾರೆ. ಫ್ಲೈವೀಲಿನ 36 ಮಿ.ಮೀ. ನಟ್ಟಿಗೆ ಸುಮಾರು 340 ನ್ಯೂಟನ್ ಮೀಟರ್ ಬೇಕು, ಅಂದಾಜಿನ ಕೈಬಿಗಿತ ಅಲ್ಲಿ ನಡೆಯದು.

ಎಂಜಿನ್ ಸುತ್ತಲಿನ ತಗಡುಗಳನ್ನು ಕೆಲವು ಗ್ಯಾರೇಜುಗಳಲ್ಲಿ ಬೇಡದ ವಸ್ತುವೆಂದು ಮೂಲೆಗೆ ಎಸೆಯುತ್ತಾರೆ. ನೀರಿಲ್ಲದ ಈ ಎಂಜಿನ್ನಿಗೆ ಅವೇ ರೇಡಿಯೇಟರ್ ಇದ್ದಂತೆ. ಒಂದೊಂದನ್ನೂ, ಅಂಚಿನ ರಬ್ಬರಿನ ಸಮೇತ, ಮೊದಲಿದ್ದ ಜಾಗಕ್ಕೇ ಹಾಕಿ. ಕವಚದೊಳಗೆ ಇಲಿ ಗೂಡು ಕಟ್ಟಿದೆಯೇ ಎಂದೂ ನೋಡಿ, ನಮ್ಮದರಲ್ಲಿ ಒಂದು ಬುಟ್ಟಿ ಹತ್ತಿ ಸಿಕ್ಕಿತು. ಪೆಟ್ರೋಲಿನ ಹಳೆಯ ಹೋಸುಗಳನ್ನೆಲ್ಲ ಕಿತ್ತು, ಈಗಿನ ಎಥೆನಾಲ್ ಮಿಶ್ರಿತ ಪೆಟ್ರೋಲನ್ನು ತಡೆಯುವ ಹೊಸವನ್ನು ಹಾಕಿ. ಬೀಟಲ್‌ಗಳು ಬೆಂಕಿಗೆ ತುತ್ತಾಗಲು ಬಿರಿದ ಹೋಸು ಮುಖ್ಯ ಕಾರಣಗಳಲ್ಲೊಂದು.

2.5 ಲೀಟರ್ ಎಣ್ಣೆ ತುಂಬಿ, ಪ್ಲಗ್ಗುಗಳಿಲ್ಲದೆ ಸ್ಟಾರ್ಟರಿನಿಂದ ತಿರುಗಿಸುತ್ತ ಎಣ್ಣೆಯ ದೀಪ ಆರುವವರೆಗೆ ಕಾದು, ಆಮೇಲೆ ಚಾಲೂ ಮಾಡಿ. ವಾಲ್ವ್ ಮತ್ತು ಅದನ್ನು ಒತ್ತುವ ಸನ್ನೆಯ ನಡುವಿನ ಅಂತರವನ್ನು ನಾನು ಎಂಜಿನ್ ಪೂರ್ತಿ ತಣ್ಣಗಿರುವಾಗ 0.15 ಮಿ.ಮೀ.ಗೆ ಇಡುತ್ತೇನೆ. ಮೊದಲ 500 ಕಿ.ಮೀ. ಆದ ಕೂಡಲೇ ಎಣ್ಣೆ ಬದಲಿಸಿ, ಜಾಲರಿಯಲ್ಲಿ ಲೋಹದ ಚೂರು ಸಿಕ್ಕಿದೆಯೇ ನೋಡಿ, ಆ ಅಂತರವನ್ನು ಇನ್ನೊಮ್ಮೆ ಅಳೆಯಿರಿ.